ಕಿತ್ತಳೆ ಹಣ್ಣಿನವರಲ್ಲ

ಕೆಲವು ಮಾತುಗಳು ಬಳಸಿ ಬಳಸಿ ಸವೆದ ಕಾಸಿನಂತಾಗಿಬಿಡುತ್ತವೆ. ‘ಸಮಾಜಸೇವಕಿ’ ಎನ್ನುವುದು ಅಂಥ ಒಂದು ಮಾತು. ಅದು ಕಿವಿಗೆ ಬಿದ್ದ ಕೂಡಲೇ ಕಣ್ಣಿಗೆ ಬರುವುದು ಗಂಜಿ ಹಾಕಿ ಇಸ್ತ್ರಿ ಮಾಡಿದ ಸೀರೆ, ಭುಜದ ಮೇಲೆ ಚುಚ್ಚಿಕೊಂಡ ಬ್ಯಾಡ್ಜು, ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ಸಾಲಾಗಿ ಮಲಗಿದವರ ಕೈಗೆ ಒಂದೊಂದು ಕಿತ್ತಳೆ ಹಣ್ಣು, ಒಂದೊಂದು ಬ್ರೆಡ್ಡಿನ ಪೊಟ್ಟಣ, ಎದುರಿಗೆ ಕ್ಯಾಮರಾ ಹಿಡಿದವನು. ಗಂಟಲು ಕ್ಯಾನ್ಸರಿನಿಂದ ಎಂಜಲು ನುಂಗಲಾರದೆ ಒದ್ದಾಡುವವನ ಕೈಗೂ ಒಂದು ಕಿತ್ತಳೆ. ಮರುದಿನ ಜಿಲ್ಲಾ ಪತ್ರಿಕೆಯ ಮೂರನೆಯ ಪುಟದಲ್ಲಿ ಚಿತ್ರ. ಹಣ್ಣು ಹಂಚುವವರ ಮೇಲೆ ನನಗೇನೂ ಸಿಟ್ಟಿಲ್ಲ. ತಿನ್ನಬಲ್ಲವರಿಗೆ ಹಣ್ಣು ಒಳ್ಳೆಯದೇ.

ನನ್ನ ತಕರಾರು ಬೇರೆ. ಈ ಚಿತ್ರ ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ಹಾಗಾಗಿ, ಎರಡು ವರ್ಷ ಎಂ.ಎಸ್.ಡಬ್ಲ್ಯೂ. ಓದಿ, ಆಸ್ಪತ್ರೆಗಳಲ್ಲಿ ತರಬೇತಿ ಪಡೆದು, ಸಂಬಳ ತೆಗೆದುಕೊಂಡು ಮಾಡಬೇಕಾದ ಒಂದು ಕೆಲಸ ಇದೆ ಎನ್ನುವುದೇ ನಮಗೆ ಮರೆತುಹೋಗಿದೆ. ಸಾಯುತ್ತಿರುವವರ ಪಕ್ಕದಲ್ಲಿ, ಅವರ ಮನೆಯವರ ಜೊತೆಯಲ್ಲಿ ಮಾಡುವ ಕೆಲಸ. ನಾನು ಅದನ್ನು ಸೇವೆ ಎನ್ನುವುದಿಲ್ಲ. ಸೇವೆ ಎಂದ ತಕ್ಷಣ ಸಂಬಳ ಕೇಳುವವರು ದುರಾಸೆಯವರಾಗುತ್ತಾರೆ. (ಪಾಠ ಹೇಳುವುದನ್ನು ‘ವಿದ್ಯಾದಾನ’ ಎಂದು ಹೊಗಳಿ, ಖಾಸಗಿ ಶಾಲೆಗಳಲ್ಲಿ ತಿಂಗಳ ಕೊನೆಗೆ ಕೈಗೆ ಎಷ್ಟು ಇಡುತ್ತಾರೆ ಎಂಬುದು ನಮ್ಮ ವೃತ್ತಿಯವರಿಗೆ ಗೊತ್ತು. ಆ ಪುರಾಣ ಇನ್ನೊಮ್ಮೆ.)

ಕನ್ನಡ ವ್ಯಾಕರಣ ಕಲಿಸಿ ಕಲಿಸಿ ನನಗೊಂದು ಚಟ ಅಂಟಿಕೊಂಡಿದೆ. ಯಾರು ಏನು ಹೇಳಿದರೂ ವಾಕ್ಯದಲ್ಲಿ ಕರ್ತೃಪದ ಎಲ್ಲಿ ಎಂದು ಹುಡುಕುತ್ತೇನೆ. ದೊಡ್ಡಾಸ್ಪತ್ರೆಗಳಲ್ಲಿ ಇನ್ನೇನೂ ಮಾಡುವಂತಿಲ್ಲ ಎಂದಾದ ಮೇಲೆ ಹೇಳುವ ಒಂದು ಮಾತಿದೆ: ‘ಮನೆಗೆ ಕರೆದುಕೊಂಡು ಹೋಗಿ, ಚೆನ್ನಾಗಿ ನೋಡಿಕೊಳ್ಳಿ.’ ನೋಡಿಕೊಳ್ಳಬೇಕಾದವರು ಯಾರು? ವಾಕ್ಯದಲ್ಲಿಲ್ಲ. ಹೀಗೆ ಬಿಟ್ಟುಹೋದ ಪದವನ್ನು ಕೇಳುವವರೇ ತುಂಬಿಕೊಳ್ಳುವುದಕ್ಕೆ ಅಧ್ಯಾಹಾರ ಎಂದು ಹೆಸರು. ನಮ್ಮ ಮನೆಗಳಲ್ಲಿ ಆ ಪದ ತುಂಬಲು ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಹೆಂಡತಿ, ಇಲ್ಲವೆ ಸೊಸೆ, ಇಲ್ಲವೆ ಮದುವೆಯಾಗದ ಮಗಳು. ಡಾಕ್ಟರು ಹೇಳುವಾಗ ಗಂಡಸರೆಲ್ಲ ಗಂಭೀರವಾಗಿ ತಲೆಯಾಡಿಸಿ ‘ಆಗಲಿ ಸಾರ್’ ಎನ್ನುತ್ತಾರೆ. ಮಾತು ಹೋಗಿ ಬೀಳುವುದು ಬಾಗಿಲ ಹತ್ತಿರ ಚೀಲ ಹಿಡಿದು ನಿಂತವಳ ಮೇಲೆ.

2017ರಲ್ಲಿ ನಮ್ಮ ಮನೆಯಲ್ಲಿ ಆ ಬಾಗಿಲ ಹತ್ತಿರ ನಿಂತಿದ್ದವಳು ನನ್ನ ವಾರಗಿತ್ತಿ. ನಾನು ಅವಳನ್ನು ಅಕ್ಕ ಎಂದೇ ಕರೆಯುವುದು. ಭಾವನವರಿಗೆ ಗಂಟಲಿನ ಕ್ಯಾನ್ಸರ್. ಮೂವತ್ತು ವರ್ಷದ ಬೀಡಿ, ಜೊತೆಗೆ ಎಲೆಅಡಿಕೆ ಹೊಗೆಸೊಪ್ಪು. ಆಪರೇಷನ್ ಆಗಿ ಧ್ವನಿಪೆಟ್ಟಿಗೆ ಹೋಯಿತು, ಕರೆಂಟು ಕೊಟ್ಟರು, ಒಂದು ವರ್ಷಕ್ಕೆ ಮತ್ತೆ ಬಂತು. ‘ಚೆನ್ನಾಗಿ ನೋಡಿಕೊಳ್ಳಿ’ ಎಂದು ಮನೆಗೆ ಕಳಿಸಿದ ಮೇಲಿನ ನಾಲ್ಕು ತಿಂಗಳು ಅಕ್ಕ ಏನು ಮಾಡಿದಳು ಎನ್ನುವುದನ್ನು ಯಾರೂ ಬರೆದಿಡಲಿಲ್ಲ. ಮೂಗಿನ ನಳಿಕೆಯಲ್ಲಿ ಎರಡೆರಡು ಗಂಟೆಗೆ ಸೋಸಿದ ಗಂಜಿ. ಕುತ್ತಿಗೆಯ ಗಾಯಕ್ಕೆ ದಿನಕ್ಕೆರಡು ಸಲ ಡ್ರೆಸ್ಸಿಂಗ್. ಆ ವಾಸನೆಗೆ ಅತ್ತೆಯವರು ಕೋಣೆಯ ಹೊಸಿಲು ದಾಟುತ್ತಿರಲಿಲ್ಲ. ಹೆತ್ತ ಕರುಳು ನೋಡಲಾರದು ಎಂದು ನಾವೆಲ್ಲ ಅರ್ಥ ಮಾಡಿಕೊಂಡೆವು. ಕಟ್ಟಿಕೊಂಡ ಕರುಳು ನೋಡಬಲ್ಲದು ಎಂದು ಹೇಗೆ ತೀರ್ಮಾನವಾಯಿತೋ!

ಇದರ ಮೇಲೆ ನೋಡಲು ಬರುವವರು. ರೋಗಿಯನ್ನು ನೋಡಲು ಬಂದವರಿಗೆ ನಮ್ಮಲ್ಲಿ ಕಾಫಿ ಕೊಡಬೇಕಲ್ಲ. ಒಂದು ಭಾನುವಾರ ಲೆಕ್ಕ ಹಾಕಿದ್ದೇನೆ, ಇಪ್ಪತ್ಮೂರು ಲೋಟ. ಕಾಫಿ ಕುಡಿದು ಒಬ್ಬರು ನಾಟಿ ಔಷಧಿ ಹೇಳಿದರು, ಇನ್ನೊಬ್ಬರು ಗೋಮೂತ್ರ ಹೇಳಿದರು, ಮತ್ತೊಬ್ಬರು ‘ಮೊದಲೇ ಬೀಡಿ ಬಿಡಿಸಬೇಕಿತ್ತಮ್ಮ’ ಎಂದು ಅಕ್ಕನಿಗೇ ಹೇಳಿ ಎದ್ದರು. ಆ ಲೋಟಗಳನ್ನು ತೊಳೆಯುತ್ತ ಅವಳು ಎಷ್ಟು ಹೊತ್ತು ಮಲಗುತ್ತಾಳೆ ಎಂದು ಕೇಳಿದವರು ಒಬ್ಬರೂ ಇಲ್ಲ.

ಬೆಂಗಳೂರಿನ ಒಂದು ಹಾಸ್ಪಿಸ್‌ಗೆ ಕರೆದುಕೊಂಡು ಹೋಗುವ ಮಾತು ಎದ್ದಾಗ ಮನೆಯಲ್ಲಿ ದೊಡ್ಡ ರಂಪ. ‘ಗಂಡನನ್ನು ಅನಾಥಾಶ್ರಮಕ್ಕೆ ಹಾಕ್ತಾಳಂತೆ’ ಎಂಬ ಮಾತು ಬೀದಿ ತುದಿಯವರೆಗೂ ಹೋಯಿತು. ಕೊನೆಗೆ ನೋವು ತಡೆಯಲಾರದೆ ಭಾವನವರೇ ಕೈಮುಗಿದರು. ಹೋದೆವು. ಹದಿನೇಳು ದಿನ ಅಲ್ಲಿದ್ದರು.

ಮಾರ್ಫಿನ್ ಕೊಟ್ಟು ನೋವು ಇಳಿಸಿದ್ದು ಡಾಕ್ಟರು, ಗಾಯವನ್ನು ವಾಸನೆಯಿಲ್ಲದಂತೆ ಇಟ್ಟದ್ದು ನರ್ಸುಗಳು. ಅವರ ಋಣ ದೊಡ್ಡದು. ಆದರೆ ನಾನು ಹೇಳಹೊರಟಿರುವುದು ಮೂರನೆಯವಳ ಬಗ್ಗೆ. ವಿಜಯಪುರದ ಕಡೆಯ ಹುಡುಗಿ, ಇಪ್ಪತ್ತಾರೋ ಇಪ್ಪತ್ತೇಳೋ, ಕೈಯಲ್ಲೊಂದು ಫೈಲು. ಅಲ್ಲಿನ ಸಮಾಜ ಕಾರ್ಯಕರ್ತೆ. ಮೊದಲ ದಿನ ಬಂದವಳು ರೋಗಿಯ ಹತ್ತಿರ ಹೋಗದೆ ಅಕ್ಕನ ಪಕ್ಕ ಬೆಂಚಿನ ಮೇಲೆ ಕೂತು ಕೇಳಿದಳು: ‘ಅಕ್ಕಾರ, ರಾತ್ರಿ ಪೂರಾ ಮಲಗಿ ಎಷ್ಟ ದಿನಾ ಆತ್ರೀ?’ ಅಕ್ಕ ಬೆರಳು ಮಡಚುತ್ತ ಲೆಕ್ಕ ಹಾಕಿದಳು, ಅರ್ಧಕ್ಕೆ ಬಿಟ್ಟಳು, ಆಮೇಲೆ ಸೆರಗು ಮುಖಕ್ಕೆ ಹೋಯಿತು. ನಾಲ್ಕು ತಿಂಗಳಲ್ಲಿ ಅವಳು ಅತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಹುಡುಗಿ ಸಮಾಧಾನದ ಮಾತು ಒಂದೂ ಆಡಲಿಲ್ಲ. ಆ ರಾತ್ರಿ ಅಕ್ಕ ಮಲಗಬೇಕು, ಭಾವನವರ ಹತ್ತಿರ ನನ್ನ ಯಜಮಾನರು ಕೂರಬೇಕು ಎಂದು ಗೊತ್ತು ಮಾಡಿ ಹೋದಳು. ಇವರು ಕೂತರು. ಕೂರಲು ಬರುತ್ತದೆ ಎಂದು ಆ ದಿನ ತಿಳಿಯಿತು.

ಭಾವನವರಿಗೆ ತಮ್ಮ ಕಾಯಿಲೆ ಎಲ್ಲಿಗೆ ಬಂದಿದೆ ಎಂದು ಗೊತ್ತಿಲ್ಲ ಎಂದೇ ನಾವೆಲ್ಲ ನಂಬಿದ್ದೆವು. ಹೇಳಬಾರದು ಎಂದು ಮನೆಯಲ್ಲಿ ಕಟ್ಟಪ್ಪಣೆಯಾಗಿತ್ತು. ಅವರ ತಲೆದಿಂಬಿನ ಹತ್ತಿರ ಒಂದು ನೋಟುಬುಕ್ಕು ಇರುತ್ತಿತ್ತು. ‘ನೀರು’, ‘ಫ್ಯಾನು’, ‘ಮಗ್ಗಲು’ ಎಂದು ಬರೆದು ತೋರಿಸುತ್ತಿದ್ದರು. ಆ ಹುಡುಗಿ ಒಂದು ಮಧ್ಯಾಹ್ನ ನಮ್ಮನ್ನೆಲ್ಲ ಹೊರಗೆ ಕಳಿಸಿ, ನಿಮಗೇನು ಗೊತ್ತಿದೆ, ಇನ್ನೇನು ತಿಳಿಯಬೇಕು ಅನ್ನಿಸುತ್ತದೆ ಎಂದು ಅದೇ ಪುಸ್ತಕ ಅವರ ಮುಂದಿಟ್ಟಳು. ಅವರು ಬರೆದರು: ‘ನನಗೆ ಎಲ್ಲ ಗೊತ್ತು. ಅವಳಿಗೆ ಹೇಳಬೇಡಿ. ಹೆದರುತ್ತಾಳೆ.’

ಅಂದರೆ ನಾಲ್ಕು ತಿಂಗಳು ಗಂಡ ಹೆಂಡತಿಯಿಂದ, ಹೆಂಡತಿ ಗಂಡನಿಂದ ಒಂದೇ ಸಂಗತಿಯನ್ನು ಬಚ್ಚಿಟ್ಟುಕೊಂಡು ಒಂದೇ ಕೋಣೆಯಲ್ಲಿದ್ದರು! ಹುಡುಗಿ ಆ ಹಾಳೆಯನ್ನು ಯಾರಿಗೂ ತೋರಿಸಲಿಲ್ಲ. ಎರಡು ದಿನ ಬಂದು ಬಂದು ಅವರ ಹತ್ತಿರ ಕೂತಳು. ಅವರು ಒಪ್ಪಿದ ಮೇಲೆ ಅಕ್ಕನನ್ನು ಒಳಗೆ ಕರೆದು ತಾನು ಹೊರಗೆ ಬಂದಳು. ಆ ನೋಟುಬುಕ್ಕು ಈಗ ಅಕ್ಕನ ಬೀರುವಿನಲ್ಲಿದೆ. ಆಮೇಲಿನ ಹನ್ನೊಂದು ದಿನದ ಬರವಣಿಗೆ ಅದರಲ್ಲಿದೆ. ಯಾರಿಗೋ ಕಾಗದವಿಲ್ಲದೆ ಕೊಟ್ಟ ಎಂಬತ್ತು ಸಾವಿರದ ವಿವರ, ಸೊಸೈಟಿ ಸಾಲದ ಬಾಕಿ, ಚಿಕ್ಕವಳನ್ನು ಡಿಗ್ರಿ ಬಿಡಿಸಕೂಡದು ಎಂಬ ಮಾತು, ಬ್ಯಾಂಕಿನ ಖಾತೆಗೆ ನಾಮಿನಿ ಮಾಡಿಲ್ಲ ಎಂಬ ಮಾತು. ಉಳಿದದ್ದು ಅವರಿಬ್ಬರ ನಡುವಿನದು, ನಾನು ಓದಲಿಲ್ಲ.

ಇನ್ನೊಂದನ್ನು ಹೇಳಿಬಿಡುತ್ತೇನೆ, ಮನೆಯ ಮಾತಾದರೂ. ದಾಯಾದಿಯೊಬ್ಬರು ಛಾಪಾ ಕಾಗದ ಹಿಡಿದುಕೊಂಡು ಅಲ್ಲಿಗೂ ಬಂದರು, ತೋಟದ ವಿಷಯ ಒಂದು ರುಜು ಆಗಬೇಕಿತ್ತು ಎಂದು. ಹಾಸಿಗೆಯಲ್ಲಿದ್ದವರು ಔಷಧಿಯ ಮಂಪರಿನಲ್ಲಿದ್ದರು. ಆ ಹುಡುಗಿ ದನಿ ಏರಿಸಲಿಲ್ಲ. ಡಾಕ್ಟರು ಬಂದು ರೋಗಿಯ ಬುದ್ಧಿ ಸ್ವಾಧೀನದಲ್ಲಿದೆ ಎಂದು ಬರೆಯಲಿ, ಮನೆಯವರೆಲ್ಲ ಎದುರಿಗಿರಲಿ, ನಾನೂ ಫೈಲಿನಲ್ಲಿ ಬರೆದುಕೊಳ್ಳುತ್ತೇನೆ, ಆಮೇಲೆ ಮಾಡಿಸೋಣ ಅಂದಳು. ಬಂದವರು ಕಾಗದ ಮಡಚಿಕೊಂಡು ಬಸ್ಸು ಹಿಡಿದರು. ಹೇಳಿ, ಇದನ್ನು ನಾನು ಮಾಡಬಹುದಿತ್ತೆ? ಅಕ್ಕ ಮಾಡಬಹುದಿತ್ತೆ? ನಾವು ಆ ಮನೆಯ ಸೊಸೆಯಂದಿರು. ಬಾಯಿ ಬಿಟ್ಟಿದ್ದರೆ ಅದು ಮೂರು ತಲೆಮಾರಿನ ಜಗಳವಾಗುತ್ತಿತ್ತು. ಹೊರಗಿನವಳು ಬೇಕಾದದ್ದು ಇದಕ್ಕೇ.

ಅವಳು ಒಳ್ಳೆಯ ಹುಡುಗಿಯಾಗಿದ್ದಳು, ನಿಜ. ಆದರೆ ಒಳ್ಳೆಯತನದಿಂದಷ್ಟೇ ಇದೆಲ್ಲ ಆಗುವುದಿಲ್ಲ. ಇದಕ್ಕೊಂದು ಶಾಸ್ತ್ರವಿದೆ, ಚರಿತ್ರೆಯಿದೆ. ಆಸ್ಪತ್ರೆಯಲ್ಲಿ ಇಂಥವರನ್ನು ಮೊದಲು ನೇಮಿಸಿದ್ದು 1895ರಲ್ಲಿ, ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ, ಮೇರಿ ಸ್ಟೂವರ್ಟ್ ಎಂಬಾಕೆಯನ್ನು. ಆಗ ಆ ಹುದ್ದೆಗೆ ‘ಆಲ್ಮನರ್’ ಎಂದು ಹೆಸರು. ತಮಾಷೆ ನೋಡಿ, ಆಕೆಗೆ ಮುಖ್ಯವಾಗಿ ವಹಿಸಿದ್ದ ಕೆಲಸ ದುಡ್ಡಿದ್ದೂ ಧರ್ಮದ ಚಿಕಿತ್ಸೆಗೆ ಬರುವವರನ್ನು ಪತ್ತೆ ಹಚ್ಚುವುದು. ಬಾಗಿಲಲ್ಲಿ ಕೂತು ಬಡವರೋ ಅಲ್ಲವೋ ಎಂದು ಸೋಸುವುದು! ಬಂದವರ ಕಷ್ಟ ಕೇಳುತ್ತ ಕೇಳುತ್ತ ಆ ಹುದ್ದೆಯೇ ಬೇರೆಯಾಯಿತು. ಅದೇ ವೃತ್ತಿಯಿಂದ ಬಂದವರು ಸಿಸಿಲಿ ಸಾಂಡರ್ಸ್. ಮೊದಲು ನರ್ಸು, ಬೆನ್ನು ನೋವಿನಿಂದ ಅದನ್ನು ಬಿಟ್ಟು ಆಲ್ಮನರ್, ಆಮೇಲೆ ಓದಿ 1957ರಲ್ಲಿ ಡಾಕ್ಟರು. ಆಲ್ಮನರ್ ಆಗಿದ್ದಾಗ ಕ್ಯಾನ್ಸರಿನಿಂದ ಸಾಯುತ್ತಿದ್ದ ಡೇವಿಡ್ ಟಾಸ್ಮಾ ಎಂಬ ಪೋಲೆಂಡಿನ ಯಹೂದಿ ನಿರಾಶ್ರಿತನ ಹತ್ತಿರ ಕೂತು ಮಾತಾಡುತ್ತಿದ್ದರು. ಸಾಯುವವರಿಗೆ ಎಂಥ ಜಾಗ ಬೇಕು ಎಂಬ ಯೋಚನೆ ಬೆಳೆದದ್ದು ಆ ಮಾತುಗಳಲ್ಲಿ. 1948ರಲ್ಲಿ ಅವನು ತೀರಿಕೊಂಡಾಗ, ನಿನ್ನ ಮನೆಗೆ ನಾನೊಂದು ಕಿಟಕಿಯಾಗುತ್ತೇನೆ ಎಂದು ಅವಳಿಗೆ ಐನೂರು ಪೌಂಡು ಬಿಟ್ಟುಹೋದ. ಆ ಮನೆ ಏಳಲು ಹತ್ತೊಂಬತ್ತು ವರ್ಷ ಹಿಡಿಯಿತು: 1967ರಲ್ಲಿ ಲಂಡನ್ನಿನ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್. ಸಾಯುವವರ ನೋವೆಂದರೆ ಮೈನೋವು ಮಾತ್ರ ಅಲ್ಲ. ಮನಸ್ಸಿನದು, ಸಂಸಾರದ್ದು, ದೇವರ ಮುಂದಿನ ಪ್ರಶ್ನೆಯದು, ಎಲ್ಲ ಸೇರಿದ್ದು ಎಂದು ಆಕೆ ಡಾಕ್ಟರುಗಳಿಗೆ ಹೇಳಿಕೊಟ್ಟರು. ಇವತ್ತು ಜಗತ್ತಿನಲ್ಲಿ ಹಾಸ್ಪಿಸ್ ಎಂದು ಕರೆಯುವ ಪದ್ಧತಿ ಹುಟ್ಟಿದ್ದೇ ಒಬ್ಬ ಸಮಾಜ ಕಾರ್ಯಕರ್ತೆ ಹಾಸಿಗೆಯ ಪಕ್ಕ ಕೂತದ್ದರಿಂದ. ಅದರಲ್ಲಿ ಸಮಾಜ ಕಾರ್ಯಕರ್ತರು ಊಟದ ಮೇಲಿನ ಬಾಳೆಹಣ್ಣಿನಂತೆ, ಇದ್ದರೆ ಇರಲಿ ಎನ್ನುವವರಿಗೆ ಇದು ಗೊತ್ತಿರಲಿ.

ನಮ್ಮಲ್ಲಿ? ಮೆಡಿಕಲ್ ಕಾಲೇಜುಗಳ ಆಸ್ಪತ್ರೆಗಳಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತರ ಹುದ್ದೆಗಳಿವೆ. ಮಂಗಳೂರಿನ ರೋಶನಿ ನಿಲಯದಲ್ಲಿ 1960ರಿಂದ ಸಮಾಜಕಾರ್ಯ ಕಲಿಸುತ್ತಿದ್ದಾರೆ, ವಿಶ್ವವಿದ್ಯಾಲಯಗಳಲ್ಲೂ ಕಲಿಸುತ್ತಾರೆ. ಓದಿದವರಿಗೆ ಬರವಿಲ್ಲ. ಆದರೆ ನಾನು ಕಂಡ ಆಸ್ಪತ್ರೆಗಳಲ್ಲಿ ಅವರನ್ನು ಎಲ್ಲಿ ಕೂರಿಸಿರುತ್ತಾರೆ ಗೊತ್ತೆ? ರೇಷನ್ ಕಾರ್ಡಿನ ಕೌಂಟರಿನಲ್ಲಿ. ಬಿ.ಪಿ.ಎಲ್. ಹೌದೋ ಅಲ್ಲವೋ, ಆಧಾರಿನಲ್ಲಿ ಹೆಸರು ಸರಿಯಿದೆಯೋ, ಫಾರಂ ತುಂಬಿದೆಯೋ. ಎಂ.ಎಸ್.ಡಬ್ಲ್ಯೂ. ಓದಿದ ಹುಡುಗಿ ದಿನವಿಡೀ ಜೆರಾಕ್ಸ್ ಪ್ರತಿಗೆ ಸೀಲು ಒತ್ತುತ್ತಾಳೆ. 1895ರಲ್ಲಿ ಮೇರಿ ಸ್ಟೂವರ್ಟ್ ಕೂತಿದ್ದ ಬಾಗಿಲಲ್ಲೇ ನಾವು ಅವಳನ್ನು ಇನ್ನೂ ಕೂರಿಸಿದ್ದೇವೆ. ಅವಳ ಬೆನ್ನ ಹಿಂದಿನ ವಾರ್ಡಿನಲ್ಲಿ ಒಬ್ಬಳು ‘ಮನೆಗೆ ಕರೆದುಕೊಂಡು ಹೋಗಿ’ ಎನ್ನಿಸಿಕೊಂಡು, ಯಾವ ಮನೆಗೆ, ಹೇಗೆ, ಏನು ಕೊಡಬೇಕು ಎಂದು ತಿಳಿಯದೆ ಮೆಟ್ಟಿಲ ಮೇಲೆ ಕೂತಿರುತ್ತಾಳೆ. ಕಾರ್ಡಿನ ಕೆಲಸ ಆಗಬೇಕು, ಬಡವರಿಗೆ ಅದೂ ದೊಡ್ಡದೇ. ಅದಕ್ಕೆ ಗುಮಾಸ್ತರಿದ್ದಾರೆ.

ದೇಶದ ಮೊದಲ ಹಾಸ್ಪಿಸ್ ಶಾಂತಿ ಅವೇದನಾ ಮುಂಬಯಿಯಲ್ಲಿ 1986ರಲ್ಲಿ ಆಯಿತು. ಬೆಂಗಳೂರಿನ ಕರುಣಾಶ್ರಯದ ಟ್ರಸ್ಟು 1994ರದು, ಅದರ ಕಟ್ಟಡ ತೆರೆದದ್ದು 1999ರಲ್ಲಿ. ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಅಲ್ಲಿ ಒಂದು ಪೈಸೆ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ಕೇಂದ್ರ ಸರ್ಕಾರ 2012ರಲ್ಲಿ ಉಪಶಾಮಕ ಆರೈಕೆಗೆ ರಾಷ್ಟ್ರೀಯ ಕಾರ್ಯಕ್ರಮ ಮಾಡಿತು. ಮಾರ್ಫಿನ್ ಸಿಗದಂತೆ 1985ರಿಂದ ಕಟ್ಟಿಹಾಕಿದ್ದ ಮಾದಕವಸ್ತು ಕಾಯಿದೆಯನ್ನು 2014ರಲ್ಲಿ ಸಡಿಲಿಸಿದರು. ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿತು, ಮುಂಗಡ ಇಚ್ಛಾಪತ್ರದ ವಿಧಾನವನ್ನು 2023ರಲ್ಲಿ ಸರಳ ಮಾಡಿತು. ನಮ್ಮ ರಾಜ್ಯದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಅದಕ್ಕೆ ಆದೇಶವನ್ನೂ ಹೊರಡಿಸಿತು. ಎಲ್ಲ ಸರಿ. ಆದರೆ ಆದೇಶಕ್ಕೆ ಬಾಯಿಲ್ಲ. ವೆಂಟಿಲೇಟರ್ ಹಾಕಿಸಲು ತೋಟ ಅಡವಿಡಬೇಕೋ ಬೇಡವೋ ಎಂದು ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆಯ ಕಾರಿಡಾರಿನಲ್ಲಿ ಜಗಳವಾಡುವ ಅಣ್ಣತಮ್ಮಂದಿರಿಗೆ ಅದನ್ನು ಓದಿ ಹೇಳುವವರು ಯಾರು? ಮಾರ್ಫಿನ್ ಕೊಟ್ಟರೆ ಅಮಲಿನ ಚಟವಾಗುತ್ತದೆ ಎಂದು ಮಾತ್ರೆಯನ್ನು ಕಸಕ್ಕೆ ಎಸೆಯುವ ಅತ್ತೆಗೆ ತಿಳಿಸುವವರು ಯಾರು? ಡಾಕ್ಟರಿಗೆ ಪುರಸೊತ್ತಿಲ್ಲ. ನರ್ಸಿಗೆ ನಲವತ್ತು ಹಾಸಿಗೆ. ಉಪಶಾಮಕ ಆರೈಕೆ ಬೇಕಾದವರಲ್ಲಿ ಜಗತ್ತಿನಲ್ಲಿ ಸುಮಾರು ನೂರಕ್ಕೆ ಹದಿನಾಲ್ಕು ಜನರಿಗೆ ಮಾತ್ರ ಅದು ಸಿಗುತ್ತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಉಳಿದ ಎಂಬತ್ತಾರು ಮನೆಗಳಲ್ಲಿ ಕಾಫಿ ಲೋಟ ತೊಳೆಯುತ್ತಿರುವವರು ಯಾರೆಂದು ನಿಮಗೆ ಹೇಳಬೇಕಾಗಿಲ್ಲ.

ಇದನ್ನೆಲ್ಲ ನಾನು ನಮ್ಮೂರಿನ ಸಭೆಯೊಂದರಲ್ಲಿ ಹೇಳಿದಾಗ ನಿವೃತ್ತ ಅಧಿಕಾರಿಯೊಬ್ಬರು ಎದ್ದು, ‘ಹಾಸ್ಪಿಸ್ಸು, ಸೋಶಿಯಲ್ ವರ್ಕರ್ರು ಎಲ್ಲ ಪಾಶ್ಚಾತ್ಯರಿಗೆ ಸರಿ ಮೇಡಂ. ನಮ್ಮದು ಕುಟುಂಬ ಪದ್ಧತಿ. ನಮ್ಮವರನ್ನು ನಾವೇ ನೋಡಿಕೊಳ್ಳುತ್ತೇವೆ’ ಎಂದರು. ಚಪ್ಪಾಳೆಯೂ ಬಿತ್ತು. ‘ನಾವೇ’ ಎನ್ನುವ ಸರ್ವನಾಮದ ಮೇಲೆ ನನಗೆ ಅನುಮಾನ. ಅವರ ತಾಯಿ ಹಾಸಿಗೆ ಹಿಡಿದಿದ್ದ ಎರಡು ವರ್ಷ ಅವರು ಎಲ್ಲ ಸಭೆಗಳಲ್ಲೂ ಹೀಗೇ ಎದ್ದು ಮಾತಾಡುತ್ತಿದ್ದರು. ಅವರ ಮನೆಯವರು ಒಂದು ಮದುವೆ ಮುಂಜಿಗೂ ಬಂದದ್ದನ್ನು ನಾನು ಕಾಣೆ. ಸಂಸ್ಕೃತಿ ಅವರದು, ಬೆಡ್‌ಪ್ಯಾನ್ ಆಕೆಯದು.

ಹಾಸ್ಪಿಸ್ ಎಂದರೆ ತಂದು ಎಸೆದು ಹೋಗುವ ಜಾಗ ಎಂದುಕೊಂಡವರು ಅಲ್ಲಿ ಒಂದು ದಿನ ಕೂತು ನೋಡಬೇಕು. ಮನೆಯವರು ಹತ್ತಿರವೇ ಇರುತ್ತಾರೆ. ವ್ಯತ್ಯಾಸ ಇಷ್ಟು: ಕೆಲಸದ ಭಾರ ಬೇರೆಯವರು ಹೊರುವುದರಿಂದ ಹೆಂಡತಿ ಮತ್ತೆ ಹೆಂಡತಿಯಾಗಿ ಕೈ ಹಿಡಿದು ಕೂರಲು ಬಿಡುವಾಗುತ್ತದೆ. ಬೆಂಗಳೂರಿಗೆ ಬರಲಾರದವರ ಮನೆಗೇ ಹೋಗಿ ನೋಡುವ ಪದ್ಧತಿಯೂ ಇದೆ. ಆದರೆ ಅದು ನಮ್ಮ ತಾಲೂಕುಗಳಿಗೆ ಮುಟ್ಟಿಲ್ಲ.

ಇನ್ನೊಂದು ವಾದ ಸ್ವಲ್ಪ ಮರ್ಯಾದೆಯದು. ಕೇರಳವನ್ನು ನೋಡಿ, ಅಲ್ಲಿ ಊರವರೇ ಮಾಡುತ್ತಾರೆ, ಸಂಬಳದವರು ಯಾಕೆ ಎನ್ನುತ್ತಾರೆ. ಕೋಳಿಕ್ಕೋಡಿನ ಮೆಡಿಕಲ್ ಕಾಲೇಜಿನಲ್ಲಿ 1993ರಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತವರ ಸಂಗಡಿಗರು ಶುರು ಮಾಡಿದ ಕೆಲಸ 2001ರ ಹೊತ್ತಿಗೆ ನೆರೆಹೊರೆಯವರ ಜಾಲವಾಯಿತು. 2008ರಲ್ಲಿ ಆ ಸರ್ಕಾರ ನೀತಿಯನ್ನೇ ಮಾಡಿ ಪಂಚಾಯಿತಿಗಳಿಗೆ ಹೊಣೆ ಕೊಟ್ಟಿತು. ನೂರಾರು ಊರುಗಳಲ್ಲಿ ಬಟ್ಟೆ ಅಂಗಡಿಯವನು, ಆಟೋದವನು, ಮೇಷ್ಟರು ವಾರಕ್ಕೆ ಒಂದೆರಡು ಗಂಟೆ ರೋಗಿಗಳ ಮನೆಗೆ ಹೋಗುತ್ತಾರೆ. ಕೈ ಮುಗಿಯಬೇಕು. ನಮ್ಮಲ್ಲೂ ಆಗಲಿ, ನಾನೇ ಮೊದಲು ಹೆಸರು ಬರೆಸುತ್ತೇನೆ. ಆದರೆ ಅಲ್ಲಿ ಅವರಿಗೆ ತರಬೇತಿ ಕೊಡುತ್ತಾರೆ, ಸಂಬಳದ ನರ್ಸು ಜೊತೆಗೆ ಹೋಗುತ್ತಾಳೆ ಎನ್ನುವುದನ್ನು ಈ ವಾದದವರು ಹೇಳುವುದಿಲ್ಲ. ನೆರೆಯವರು ಅಕ್ಕಿ ತಂದುಕೊಡಬಹುದು, ಪಕ್ಕ ಕೂರಬಹುದು. ಛಾಪಾ ಕಾಗದ ಹಿಡಿದು ಬಂದವರು ಅದೇ ನೆರೆಯವರ ಬೀಗರಾಗಿದ್ದರೆ? ರೋಗಿ ಗಂಡ ಹಾಸಿಗೆಯಿಂದಲೇ ಹೆಂಡತಿಗೆ ಕೈಗೆ ಸಿಕ್ಕಿದ್ದನ್ನು ಎಸೆಯುವವನಾಗಿದ್ದರೆ? ಅಂಥ ಮನೆಯೊಳಗೆ ಹೋಗಿ ಕೇಳಲು, ಕೇಳಿದ್ದನ್ನು ಬೀದಿಗೆ ತರದಿರಲು, ನಾಳೆ ಉತ್ತರ ಹೇಳಬೇಕಾದರೆ ಫೈಲಿನಲ್ಲಿ ಬರೆದಿಡಲು ಕಲಿತವರು ಬೇಕು, ನೌಕರಿಯ ಹೊಣೆಯಿರುವವರು ಬೇಕು. ಆ ನೌಕರಿಯೂ ಹನ್ನೊಂದು ತಿಂಗಳ ಗುತ್ತಿಗೆಯದಾದರೆ ಆಗದು. ದಿನವೂ ಸಾವು ನೋಡುವವಳಿಗೆ ತನ್ನ ಮುಂದಿನ ತಿಂಗಳ ಸಂಬಳದ ಚಿಂತೆಯನ್ನೂ ಕೊಟ್ಟರೆ ಎಷ್ಟು ದಿನ ನಿಂತಾಳು?

ಸತ್ತ ಮೇಲೂ ಅವಳ ಕೆಲಸ ಮುಗಿಯುವುದಿಲ್ಲ. ಭಾವನವರು ಹೋದ ದಿನವೇ ಅವಳು ಅಕ್ಕನ ಮಗಳಿಗೆ ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದಳು. ಸಾವು ನೋಂದಣಿಯಾಗಬೇಕಾದದ್ದು ಇಪ್ಪತ್ತೊಂದು ದಿನದೊಳಗೆ, ಅದೂ ಸಾವು ನಡೆದ ಊರಿನಲ್ಲಿ, ಸ್ವಂತ ಊರಿನಲ್ಲಿ ಅಲ್ಲ. ಪ್ರಮಾಣಪತ್ರದ ಹತ್ತು ಪ್ರತಿ ತೆಗೆಸಿ. ವಂಶವೃಕ್ಷ, ಪೌತಿ ಖಾತೆ, ಬ್ಯಾಂಕು, ವಿಮೆ, ಈ ಕ್ರಮದಲ್ಲಿ ಹೋಗಿ. ವೈಕುಂಠ ಸಮಾರಾಧನೆಗೆ ಎಷ್ಟು ಜನ, ಯಾವ ಸಿಹಿ ಎಂದು ಗಂಡಸರು ಚರ್ಚಿಸುತ್ತಿದ್ದಾಗ ಆ ಹುಡುಗಿ ಆ ಹಾಳೆ ಓದುತ್ತಿದ್ದಳು. ಒಂದು ತಿಂಗಳ ಮೇಲೆ ಬೆಂಗಳೂರಿನಿಂದ ಅಕ್ಕನಿಗೆ ಫೋನು ಬಂತು: ‘ಈಗ ನಿದ್ದಿ ಬರ್ತದೇನ್ರಿ?’ ಹಾಗೆಂದು ಎಲ್ಲ ಸುಖಾಂತವಾಯಿತು ಎಂದುಕೊಳ್ಳಬೇಡಿ. ದಾಯಾದಿಗಳ ಜೊತೆ ಮಾತು ಬಿಟ್ಟದ್ದು ಬಿಟ್ಟ ಹಾಗೇ ಇದೆ, ಎಂಬತ್ತು ಸಾವಿರದಲ್ಲಿ ಐವತ್ತು ಮಾತ್ರ ಬಂತು. ಚಿಕ್ಕವಳ ಡಿಗ್ರಿ ಮುಗಿಯಿತು.

ಶಾಲೆಯಲ್ಲಿ ಕಾಣುವುದನ್ನೂ ಹೇಳಬೇಕು. ಎಂಟನೆಯ ಕ್ಲಾಸಿನಲ್ಲಿ ಒಬ್ಬ ಹುಡುಗಿ ಮೊದಲ ಪೀರಿಯಡ್ಡಿಗೇ ನಿದ್ದೆ ಮಾಡುತ್ತಿದ್ದಳು. ಎಬ್ಬಿಸಿದರೆ ಎದ್ದು ನಿಂತು ಮತ್ತೆ ತೂಗುವಳು. ಮನೆಗೆ ಹೋಗಿ ನೋಡಿದರೆ ತಾಯಿಗೆ ಗರ್ಭಕೋಶದ ಕ್ಯಾನ್ಸರು, ಆಸ್ಪತ್ರೆಯವರು ಮನೆಗೆ ಕಳಿಸಿ ಎರಡು ತಿಂಗಳಾಗಿದೆ. ರಾತ್ರಿ ಬಟ್ಟೆ ಬದಲಿಸುವುದು, ಬೆಳಿಗ್ಗೆ ಒಗೆಯುವುದು, ರೊಟ್ಟಿ ತಟ್ಟುವುದು ಎಲ್ಲ ಆ ಹದಿಮೂರರ ಹುಡುಗಿ. ಅಣ್ಣನಿಗೆ ಎಸ್.ಎಸ್.ಎಲ್.ಸಿ. ವರ್ಷ, ಅವನನ್ನು ಎಬ್ಬಿಸುವ ಹಾಗಿಲ್ಲ. ಆಸ್ಪತ್ರೆಯ ಡಿಸ್‌ಚಾರ್ಜ್ ಚೀಟಿಯಲ್ಲಿ ತಾಯಿಯ ರಕ್ತದ ಲೆಕ್ಕವೆಲ್ಲ ಇತ್ತು. ಆ ಮನೆಯಲ್ಲಿ ನೋಡಿಕೊಳ್ಳುವವರು ಯಾರು ಎಂಬ ಕಾಲಂ ಇರಲಿಲ್ಲ. ಅಲ್ಲಿ ಒಬ್ಬ ಸಮಾಜ ಕಾರ್ಯಕರ್ತೆ ಇದ್ದು, ಆ ಒಂದು ಪ್ರಶ್ನೆ ಕೇಳಿ, ಶಾಲೆಗೊಂದು ಫೋನು ಮಾಡಿದ್ದರೆ ನಾವು ಹಾಜರಿ ಹೊಂದಿಸುತ್ತಿದ್ದೆವು, ಆಶಾ ಕಾರ್ಯಕರ್ತೆಯನ್ನು ಕಳಿಸುತ್ತಿದ್ದೆವು, ದೊಡ್ಡಮ್ಮನನ್ನು ಕರೆಸುತ್ತಿದ್ದೆವು. ನಮಗೆ ತಿಳಿಯುವ ಹೊತ್ತಿಗೆ ತಾಯಿಗೆ ಉಳಿದದ್ದು ಒಂಬತ್ತು ದಿನ. ಹುಡುಗಿ ವಾರ್ಷಿಕ ಪರೀಕ್ಷೆಗೆ ಬರಲಿಲ್ಲ.

ಸರ್ಕಾರಕ್ಕೆ ದುಡ್ಡೆಲ್ಲಿದೆ ಎನ್ನುವವರಿಗೆ ನಾನು ಉತ್ತರ ಕೊಡಲು ಹೋಗುವುದಿಲ್ಲ. ಆ ಪ್ರಶ್ನೆಯನ್ನು ಅವರು ಬೇರೆ ಯಾವುದಕ್ಕೂ ಕೇಳಿದ್ದನ್ನು ನಾನು ಕೇಳಿಲ್ಲ.

ಕಳೆದ ವರ್ಷ ನಾವು ಹನ್ನೊಂದು ಜನ ಹೆಂಗಸರು ಸಹಿ ಹಾಕಿ ಒಂದು ಅರ್ಜಿ ಕೊಟ್ಟೆವು. ಜಿಲ್ಲಾಸ್ಪತ್ರೆಗೆ ಕಾಯಂ ಹುದ್ದೆಯಲ್ಲಿ ಇಬ್ಬರು ವ್ಯಕ್ತಿಗಳು, ಒಬ್ಬರಾದರೂ ಹೆಂಗಸು. ಕೌಂಟರಿನ ಕೆಲಸ ಅವರಿಗೆ ಹಚ್ಚಕೂಡದು. ‘ಮನೆಗೆ ಕರೆದುಕೊಂಡು ಹೋಗಿ’ ಎಂದು ಹೇಳುವ ಮೊದಲು ಅವರು ಮನೆಯವರ ಜೊತೆ ಕೂತು ಮಾತಾಡಿರಬೇಕು. ಡಿಸ್‌ಚಾರ್ಜ್ ಚೀಟಿಯಲ್ಲಿ ನೋಡಿಕೊಳ್ಳುವವರ ಹೆಸರಿಗೂ, ಮನೆಯಲ್ಲಿರುವ ಮಕ್ಕಳ ಶಾಲೆಯ ಹೆಸರಿಗೂ ಜಾಗವಿರಬೇಕು. ತಿಂಗಳಾದ ಮೇಲೆ ಒಂದು ಫೋನು. ಇಷ್ಟೇ. ಕಚೇರಿಯ ಗುಮಾಸ್ತರು ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿ, ‘ಇದು ಯಾವ ಶಾಖೆಗೆ ಬರುತ್ತೆ ಮೇಡಂ?’ ಎಂದು ಕೇಳಿದರು. ಅಕ್ಕ ಜೊತೆಗಿದ್ದಳು. ‘ಜನನಕ್ಕೆ ಒಂದು ಶಾಖೆ ಇದೆಯಲ್ಲಪ್ಪ, ಅದರ ಎದುರಿನದು’ ಎಂದಳು. ಅವರು ನಕ್ಕು ಸೀಲು ಒತ್ತಿದರು. ಸ್ವೀಕೃತಿಯ ನಂಬರು ನನ್ನ ಹತ್ತಿರವಿದೆ. ಎರಡು ಸಲ ಹೋಗಿ ವಿಚಾರಿಸಿ ಬಂದಿದ್ದೇವೆ, ಫೈಲು ಮೇಲಕ್ಕೆ ಹೋಗಿದೆ ಎನ್ನುತ್ತಾರೆ. ದಸರಾ ರಜೆಯಲ್ಲಿ ಮತ್ತೆ ಹೋಗುವುದು.